ಸೀರೆಯ ಮೇಲೆ ಬಿದ್ದ ಅಕ್ಷರಗಳು

ನಾನು ಕಂಪ್ಯೂಟರ್ ಕಲಿತದ್ದು ಡಿಕ್ಟೇಶನ್ ಬರೆದುಕೊಂಡು. ತಮಾಷೆಗೆ ಹೇಳುತ್ತಿಲ್ಲ. ಕುಮಟೆಯ ನಮ್ಮ ಬಿ.ಎಡ್. ಕಾಲೇಜಿನಲ್ಲಿ, ತರಗತಿಯಲ್ಲಿ ತಂತ್ರಜ್ಞಾನವನ್ನು ಬಳಸುವುದು ಹೇಗೆ ಎನ್ನುವುದೇ ಒಂದು ವಿಷಯವಾಗಿತ್ತು. ಅದನ್ನು ಕಲಿಸುವ ಉಪನ್ಯಾಸಕರು ಕುರ್ಚಿಗೆ ಒರಗಿ ಅರ್ಧ ಕಣ್ಣು ಮುಚ್ಚಿ, "ಪ್ರೊಜೆಕ್ಟರಿನ ಉಪಯೋಗಗಳು, ಬರೆದುಕೊಳ್ಳಿ" ಎನ್ನುತ್ತಿದ್ದರು. ನಾವು ಬರೆದುಕೊಳ್ಳುತ್ತಿದ್ದೆವು. ಪ್ರೊಜೆಕ್ಟರ್ ಪಾಪ ಅವರ ತಲೆಯ ಮೇಲೆಯೇ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ನೇತಾಡುತ್ತಿತ್ತು. ಮಳೆಗಾಲದಲ್ಲಿ ಮಾಡು ಸೋರುತ್ತದೆಂದು ತೊಡಿಸಿದ ಚೀಲ, ಬೇಸಿಗೆ ಬಂದರೂ ಯಾರೂ ತೆಗೆದಿರಲಿಲ್ಲ.

ವಾರಕ್ಕೊಮ್ಮೆ ಕಂಪ್ಯೂಟರ್ ಕೋಣೆಗೂ ಕರೆದೊಯ್ಯುತ್ತಿದ್ದರು. ನಡೆಯುವ ಯಂತ್ರಗಳು ಕಡಿಮೆ, ನಾವು ಜಾಸ್ತಿ. ಹಾಗಾಗಿ ಒಂದೊಂದು ಯಂತ್ರದ ಮುಂದೆಯೂ ಒಂದು ಗುಂಪು. ಕಂಪ್ಯೂಟರ್ ಬರುವವರು ಮುಂದೆ ಕೂರುತ್ತಿದ್ದರು, ಬಾರದವರು ಹಿಂದೆ ನಿಲ್ಲುತ್ತಿದ್ದರು. ನಾನು ಎಲ್ಲರಿಗಿಂತ ಹಿಂದೆ ನಿಂತು ಗೆಳತಿಯರ ಚೀಲಗಳನ್ನು ಹಿಡಿದುಕೊಳ್ಳುತ್ತಿದ್ದೆ. ಯಾರಾದರೂ ತಿರುಗಿ, "ನೀನೂ ಸ್ವಲ್ಪ ಮಾಡೇ" ಎಂದರೆ, "ನಂಗೆಲ್ಲ ಗೊತ್ತದೆ, ನೀವು ಕಲ್ಕಳಿ ಮೊದ್ಲು" ಎಂದು ಬೀಗುತ್ತಿದ್ದೆ. ಗೊತ್ತಿದ್ದದ್ದು ಚೀಲ ಹಿಡಿಯುವುದು ಮಾತ್ರ. ವರ್ಷದ ಕೊನೆಗೆ ಪ್ರಾಯೋಗಿಕ ದಾಖಲೆಯನ್ನು ಪಕ್ಕದವಳದ್ದು ನೋಡಿ ಚಂದದ ಅಕ್ಷರದಲ್ಲಿ ಬರೆದು ಒಳ್ಳೆಯ ಅಂಕವನ್ನೂ ತೆಗೆದುಕೊಂಡೆ.

ನನ್ನ ಸ್ವಭಾವವೇ ಹಾಗೆ. ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಜಗಳ ಮಾಡುವುದು ನನಗೆ ಸುಲಭ. ನನಗೆ ಗೊತ್ತಿಲ್ಲದ ಕಡೆಗೆ ಯಾರಾದರೂ ಬೆರಳು ತೋರಿಸಿದರೆ ಮೊದಲು ಸಿಟ್ಟು ಬರುತ್ತದೆ, ನಾಚಿಕೆ ಆಮೇಲೆ. ಮೂಗಿನ ತುದಿಯ ಮೇಲೆಯೇ ಕೋಪ ಎಂದು ಮನೆಯಲ್ಲಿ ಹೇಳುತ್ತಾರೆ. ಅದರ ಹಿಂದೆ ಏನಿದೆ ಎಂದು ಮನೆಯಲ್ಲಿ ಯಾರೂ ಕೇಳಿದವರಲ್ಲ.

ನಮ್ಮ ಮನೆ ಕಾಸರಕೋಡಿನಲ್ಲಿ, ಶರಾವತಿ ಸೇತುವೆ ದಾಟಿದರೆ ಹೊನ್ನಾವರ. ಅಪ್ಪ ಬೋಟಿಗೆ ಹೋಗುತ್ತಾರೆ, ಅಮ್ಮ ಹೊನ್ನಾವರದ ಪೇಟೆಯಲ್ಲಿ ಮೀನು ಮಾರುತ್ತಾಳೆ. ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುವುದು. ನಾನು ಬಿ.ಎಡ್. ಸೇರಿದ ದಿನದಿಂದಲೇ ಅಮ್ಮ ಪೇಟೆಯಲ್ಲಿ, "ನಮ್ಮನೆ ಹುಡ್ಗಿ ಇನ್ನೆಂತ, ಅಕ್ಕೋರು ಆತು" ಎಂದು ಸಾರಿಬಿಟ್ಟಿದ್ದಳು. ಬಸ್ಸಿಗೆಂದು ಆ ಸಾಲು ದಾಟಿ ಹೋಗುವಾಗ ಅವಳ ಜೊತೆಯ ಹೆಂಗಸರು ಬುಟ್ಟಿಯ ಹಿಂದಿನಿಂದ, "ಅಕ್ಕೋರೆ, ಬಂಗಡೆ ಬೇಕನ್ರಾ?" ಎಂದು ಕೂಗಿ ನಗುತ್ತಿದ್ದರು. ನನಗೆ ಒಳಗೊಳಗೇ ಖುಷಿ, ಹೊರಗೆ ಸಿಟ್ಟು. ಫೇಲಾದರೆ ಈ ಸಾಲನ್ನು ದಾಟಿ ಹೋಗುವುದು ಹೇಗೆ ಎಂದು ಯೋಚಿಸಿದರೆ ಮಾತ್ರ ಹೆಜ್ಜೆ ಬಿರುಸಾಗುತ್ತಿತ್ತು.

ಎರಡನೇ ವರ್ಷ ಶಾಲೆಗಳಿಗೆ ಹೋಗಿ ಪಾಠ ಮಾಡುವ ಸರದಿ. ಬೇಗ ಕೈಯೆತ್ತಿದವರಿಗೆ ಕುಮಟೆಯ ಶಾಲೆಗಳು ಸಿಕ್ಕವು. ನನಗೆ ಉಳಿದದ್ದು ಭಟ್ಕಳದ ಒಂದು ಪ್ರೌಢಶಾಲೆ, ಎಂಟನೇ ತರಗತಿಯ ಗಣಿತ. ಕಾಲೇಜಿನ ಯೂನಿಫಾರ್ಮ್ ಸೀರೆ ಉಟ್ಟುಕೊಂಡು ಹೋಗಬೇಕು. ತೆಳು ಕೆನೆಬಣ್ಣ, ಸಣ್ಣ ಕೆಂಪು ಅಂಚು. ಯಾವ ಕಲೆ ಬಿದ್ದರೂ ಎದ್ದು ಕಾಣುವ ಸೀರೆ. ಅದನ್ನು ಆರಿಸಿದವರಿಗೆ ಬಸ್ಸಿನಲ್ಲಿ ಓಡಾಡಿ ಗೊತ್ತಿರಲಿಕ್ಕಿಲ್ಲ. ಶಾಲೆಯ ಕಾಯಂ ಶಿಕ್ಷಕಿಯರನ್ನು ಮಕ್ಕಳು ಮೇಡಂ ಎನ್ನುತ್ತಿದ್ದವು, ನಮ್ಮನ್ನು ಅಕ್ಕೋರು ಎನ್ನುತ್ತಿದ್ದವು. ನಮ್ಮನ್ನು ಅವು ಅಷ್ಟೇನೂ ಲೆಕ್ಕಕ್ಕೆ ಇಟ್ಟಿಲ್ಲ ಎನ್ನುವುದು ಆ ಕರೆಯಲ್ಲೇ ತಿಳಿಯುತ್ತಿತ್ತು. ನನ್ನ ಬೆನ್ನ ಹಿಂದೆ ಪಿಸುಗುಟ್ಟಲು ಅವುಗಳ ಹತ್ತಿರ ಕನ್ನಡ, ಕೊಂಕಣಿ, ಉರ್ದು ಎಲ್ಲ ಇದ್ದವು. ಬೋರ್ಡಿಗೆ ಮುಖ ಮಾಡಿದೆನೆಂದರೆ ಶುರುವಾಗುತ್ತಿತ್ತು.

ಮೊದಲ ಕೆಲವು ಪಾಠ ಹೇಗೋ ಆದವು. ಆಮೇಲೆ ಕಾಲೇಜಿನಿಂದ ನಮ್ಮ ಮಾರ್ಗದರ್ಶಕಿ ಬಂದರು. ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿ, ಗುಣದೋಷ ಬರೆದು, ಕೊನೆಯ ಪರೀಕ್ಷೆಯ ಪಾಠಕ್ಕೆ ನಮ್ಮನ್ನು ತಯಾರು ಮಾಡುವುದು ಅವರ ಕೆಲಸ. ಅವತ್ತು ನಾನು ಭಿನ್ನರಾಶಿಗಳ ಭಾಗಾಕಾರ ಮಾಡುತ್ತಿದ್ದೆ. ಒಂದು ಭಿನ್ನರಾಶಿಯನ್ನು ಇನ್ನೊಂದರಿಂದ ಭಾಗಿಸಬೇಕಾದರೆ ಎರಡನೆಯದನ್ನು ಮಗುಚಿ ಗುಣಿಸಬೇಕು. ನಮಗೂ ಹಾಗೇ ಕಲಿಸಿದ್ದರು. ಬೋರ್ಡಿನ ಮೇಲೆ ಬರೆದು, ಮಗುಚಿ, ಗುಣಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದು ತಿರುಗಿದೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಜಡೆಯಲ್ಲಿ ಅಬ್ಬಲಿಗೆ ಹೂ.

"ಎಂತಕ್ಕೆ ಮಗುಚೂದು ಅಕ್ಕೋರೆ?"

"ಅದು ನಿಯಮ" ಎಂದೆ.

"ಮಗುಚದಿದ್ರೆ ಎಂತ ಆಗ್ತದೆ?"

"ತಪ್ಪಾಗ್ತದೆ."

"ಅದೇ, ಎಂತಕ್ಕೆ ತಪ್ಪಾಗೂದು?"

ಕೀಟಲೆ ಮಾಡುವ ದನಿಯಾಗಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಬಾಯಿ ತುಸು ತೆರೆದುಕೊಂಡು, ನನ್ನ ಹತ್ತಿರ ಉತ್ತರ ಇದ್ದೇ ಇದೆ ಎಂಬಂತೆ ಕಾಯುತ್ತಿದ್ದಳು. ನನ್ನ ಹತ್ತಿರ ಇರಲಿಲ್ಲ. ಏಳನೇ ತರಗತಿಯಿಂದ ಡಿಗ್ರಿಯವರೆಗೆ ಸಾವಿರ ಸಲ ಮಗುಚಿದ್ದೇನೆ, ಯಾಕೆ ಎಂದು ಒಮ್ಮೆಯೂ ನನಗೆ ನಾನೇ ಕೇಳಿಕೊಂಡಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕಿಯ ಪೆನ್ನು ನಿಂತಿತ್ತು. ನನ್ನ ಕಿವಿ ಬಿಸಿಯಾಯಿತು.

"ಬಾರೀ ದೊಡ್ಡ ಮಂಡೆ ನಿಂದು. ಮೊದ್ಲು ಹೇಳಿದ್ದು ಬರಿ, ಆಮೇಲೆ ಪ್ರಶ್ನೆ ಕೇಳೂದು. ಬೆಲ್ ಆಗೂವರೆಗೆ ನಿಂತ್ಕೊ" ಎಂದೆ.

ನಿಂತಳು. ಅಷ್ಟು ಹೊತ್ತು ಅವಳ ಕಡೆ ನೋಡದೆ ಪಾಠ ಮುಗಿಸಿದೆ. ಆಮೇಲೆ ಅವಳು ಕೈ ಎತ್ತುವುದನ್ನು ಬಿಟ್ಟಳು. ನನಗೆ ಅದು ಗಮನಕ್ಕೆ ಬಂದಿತ್ತು, ಸಮಾಧಾನವೂ ಆಗಿತ್ತು. ಇದನ್ನು ಬರೆಯುವುದಕ್ಕೆ ಈಗಲೂ ಕಷ್ಟವಾಗುತ್ತದೆ.

ಮಾರ್ಗದರ್ಶಕಿ ಆ ಪ್ರಶ್ನೆಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಅವರಿಗೂ ಉತ್ತರ ಗೊತ್ತಿರಲಿಲ್ಲವೋ ಏನೋ. ಕೆಂಪು ಶಾಯಿಯಲ್ಲಿ ಬರೆದದ್ದು ಬೇರೆ: ತಂತ್ರಜ್ಞಾನ ಬಳಸಿಲ್ಲ, ಮಕ್ಕಳ ಸಹಭಾಗಿತ್ವ ಇಲ್ಲ. ಬಾಯಲ್ಲಿ ಹೇಳಿದ್ದು ಇನ್ನೂ ಖಾರವಾಗಿತ್ತು. "ನೋಡಿ, ಪರೀಕ್ಷೆಯ ಪಾಠವನ್ನು ಹೊರಗಿನಿಂದ ಬಂದವರು ನೋಡುತ್ತಾರೆ. ಇದೇ ಸೀಮೆಸುಣ್ಣ ಹಿಡ್ಕೊಂಡು ನಿಂತರೆ ನಾನು ಎಂತ ಹೇಳಿದ್ರೂ ನೀವು ಪಾಸಾಗೂದು ಕಷ್ಟ." ಸರಿ ಮೇಡಂ ಎಂದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಅತ್ತು ಮುಗಿದ ಮೇಲೆ ಫೋನು ತೆಗೆದು ಹುಡುಕತೊಡಗಿದೆ. ಟೈಪ್ ಮಾಡುವುದು ಆಗಲೂ ನಿಧಾನ, ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದಲ್ಲ, ಹಾಗೆ ಮೈಕಿನ ಗುರುತು ಒತ್ತಿ ಮೆಲ್ಲಗೆ ಹೇಳಿದೆ. ಅವಳು ಕೇಳಿದ ಹಾಗೇ ಹೇಳಿದೆ, ಬೇರೆ ಮಾತು ಹೊಳೆಯಲಿಲ್ಲ. ಒಂದಷ್ಟು ವಿಡಿಯೋ ಬಂದವು. ಹಿಂದಿಯದ್ದು ಓಡುತ್ತಿತ್ತು, ಇಂಗ್ಲಿಷಿನದ್ದು ಇನ್ನೂ ಜೋರಾಗಿ ಓಡುತ್ತಿತ್ತು. ಕನ್ನಡದ ಒಂದರಲ್ಲಿ ದಪ್ಪ ಮೀಸೆಯ ಮಾಸ್ತರೊಬ್ಬರು ನಗುನಗುತ್ತಾ, "ಮಗುಚಿ, ಗುಣಿಸಿ, ಅಷ್ಟೇ!" ಎಂದರು. ಅವರ ಮೇಲೂ ಸಿಟ್ಟು ಬಂತು.

ಅಲ್ಲಿಂದ ಒಂದು ಚಟವೇ ಹತ್ತಿತು. ಮನುಷ್ಯರ ಹತ್ತಿರ ಕೇಳಲು ನಾಚಿಕೆಯಾದದ್ದನ್ನೆಲ್ಲ ಫೋನಿನ ಹತ್ತಿರ ಕೇಳತೊಡಗಿದೆ. ಅದು ತಿರುಗಿ ನೋಡುವುದಿಲ್ಲ, ಇಷ್ಟೂ ಗೊತ್ತಿಲ್ಲವಾ ಎಂದು ನಗುವುದಿಲ್ಲ. ಕೇಳಿದ್ದನ್ನೆಲ್ಲ ಅದು ಒಂದರ ಕೆಳಗೊಂದು ಇಟ್ಟುಕೊಳ್ಳುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಹುಡುಕುವ ಜಾಗಕ್ಕೆ ಬೆರಳಿಟ್ಟಾಗೆಲ್ಲ ಕೆಳಗೆ ಆ ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು, ನಾನೇ ನೋಡುತ್ತಿದ್ದೆ. ಆದರೆ ಅದು ನನ್ನ ಫೋನು, ನೋಡುವವಳು ನಾನೊಬ್ಬಳೇ.

ಪರೀಕ್ಷೆಯ ಪಾಠಕ್ಕೆ ತಯಾರಿ ಶುರುವಾಯಿತು. ಪಾಠ ಅದೇ, ಭಿನ್ನರಾಶಿಗಳ ಭಾಗಾಕಾರ. ಕುಮಟೆಯ ನಮ್ಮ ಸಹಪಾಠಿಯೊಬ್ಬನ ಹತ್ತಿರ ಲ್ಯಾಪ್‌ಟಾಪ್ ಇತ್ತು. ಎಲ್ಲರ ಪಾಠದ ಸ್ಲೈಡುಗಳನ್ನೂ ಅವನೇ ಮಾಡಿಕೊಡುತ್ತಿದ್ದ. ಗಣಿತವಾಗಲಿ ಇತಿಹಾಸವಾಗಲಿ, ಅಕ್ಷರಗಳು ಗಿರಗಿರ ತಿರುಗುತ್ತಾ ಬರಬೇಕು, ಕೊನೆಗೆ ಧನ್ಯವಾದಗಳು ಎಂದು ಗುಲಾಬಿ ಹೂವು ಅರಳಬೇಕು. ಆದರೆ ನನ್ನ ಪಾಠದ ದಿನವೇ ಅವನದ್ದೂ ಹೊನ್ನಾವರದ ಒಂದು ಶಾಲೆಯಲ್ಲಿ ಪಾಠ. ಲ್ಯಾಪ್‌ಟಾಪ್ ಒಂದೇ. "ನೀ ಫೋನಿಂದಲೇ ಮಾಡು ಮಾರಾಯ್ತಿ. ಫೋನಿನಲ್ಲಿ ಕಂಡದ್ದೆಲ್ಲ ಹಂಗೇ ಗೋಡೆ ಮೇಲೆ ಬರ್ತದೆ" ಎಂದು ಅವನು ಪ್ರೊಜೆಕ್ಟರಿಗೆ ಫೋನ್ ಜೋಡಿಸುವುದನ್ನು ಹೇಳಿಕೊಟ್ಟ. ಅರ್ಥವಾಗದಿದ್ದರೂ "ಆತು, ಆತು" ಎಂದೆ. ಮನೆಗೆ ಬಂದು ಅದನ್ನೂ ಫೋನಿನ ಹತ್ತಿರವೇ ಕೇಳಿದೆ.

ಕಂಡದ್ದೆಲ್ಲ ಹಾಗೇ ಗೋಡೆ ಮೇಲೆ ಬರುತ್ತದೆ. ಆ ಮಾತನ್ನು ಆಗ ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ಇನ್ನು ಉಳಿದದ್ದು ಮಕ್ಕಳ ಸಹಭಾಗಿತ್ವ. ಅದಕ್ಕೆ ನಾನು ಕಂಡುಕೊಂಡ ಉಪಾಯ ಹಳೆಯದೇ, ನಮ್ಮ ಕನ್ನಡ ಶಾಲೆಗಳಲ್ಲಿ ತಲೆತಲಾಂತರದಿಂದ ನಡೆದು ಬಂದದ್ದು. ಎಲ್ಲರೂ ಒಟ್ಟಿಗೆ ಜೋರಾಗಿ ಓದುವುದು. "ಗೋಡೆ ಮೇಲೆ ಎಂತ ಬರ್ತದೋ ಅದನ್ನು ಬಂದ ಕೂಡ್ಲೆ ಎಲ್ಲರೂ ಒಂದೇ ಸ್ವರದಲ್ಲಿ ಓದ್ಬೇಕು. ನಾ ಹೇಳೂವರೆಗೆ ಕಾಯೂದಲ್ಲ" ಎಂದು ಕಲಿಸಿದೆ. ತರಗತಿಯ ಬೋರ್ಡಿನ ಮೇಲೆ ಬರೆದು ಬರೆದು ಅಭ್ಯಾಸ ಮಾಡಿಸಿದೆ. ಚೆನ್ನಾಗಿ ಓದಿದ ದಿನ ಪೆಪ್ಪರ್‌ಮಿಂಟ್ ಹಂಚಿದೆ. ಆ ಮಕ್ಕಳು ಎಷ್ಟು ತಯಾರಾದವೆಂದರೆ, ಒಮ್ಮೆ ಮೂಲೆಯಲ್ಲಿ ದಿನಾಂಕ ಬರೆದರೂ ಇಡೀ ಕ್ಲಾಸು ಕಿರುಚಿ ಓದಿತು. ಪಕ್ಕದ ಕೋಣೆಯ ಮೇಡಂ ಬಂದು ಬೈದು ಹೋದರು.

ಪರೀಕ್ಷೆಯ ಪಾಠಕ್ಕೆ ಮುಂಚೆ ತೊಂದರೆ ಕೊಡುವ ಮಕ್ಕಳನ್ನು ಕರೆದು ಹೇಳಿಡುವುದು ಎಲ್ಲ ಪ್ರಶಿಕ್ಷಣಾರ್ಥಿಗಳೂ ಮಾಡುವ ಕೆಲಸ. ಕೆಲವರು ಅಂಥವರಿಗೆ ಅವತ್ತು ಶಾಲೆಗೇ ಬರಬೇಡಿ ಎನ್ನುವುದೂ ಉಂಟು. ನಾನು ಕರೆದದ್ದು ಆ ಒಬ್ಬಳನ್ನೇ. ವರಾಂಡದ ಕಂಬದ ಹತ್ತಿರ ನಿಲ್ಲಿಸಿಕೊಂಡು, "ನಾಳೆ ಹೊರಗಿನ ಸರ್ ಬರ್ತಾರೆ. ನೀ ಹಿಂದಿನ ಬೆಂಚಿಗೆ ಕೂತ್ಕೊ. ಎಂತದೂ ಕೇಳೂದಲ್ಲ. ಕೇಳ್ದೆ ಅಂದ್ರೆ ನೋಡು" ಎಂದೆ.

"ಆತು ಅಕ್ಕೋರೆ" ಎಂದಳು.

ಆ ಶಾಲೆಯಲ್ಲಿ ಪ್ರೊಜೆಕ್ಟರ್ ಇದ್ದದ್ದು ಬೇರೆ ಕೋಣೆಯಲ್ಲಿ. ತೆಂಗಿನಕಾಯಿ ಒಡೆದು ಉದ್ಘಾಟನೆ ಮಾಡಿದ ಕೋಣೆ. ಬೀಗದ ಕೈ ಮುಖ್ಯೋಪಾಧ್ಯಾಯರ ಹತ್ತಿರ. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ರಿಮೋಟಿಗೆ ಹಚ್ಚಿದ ಕುಂಕುಮ ಗುಂಡಿಗಳ ಸಂದಿಯಲ್ಲಿ ಹಾಗೇ ಒಣಗಿತ್ತು. ಅವತ್ತು ಬೆಳಿಗ್ಗೆ ಕಿಟಕಿ ಮುಚ್ಚಿ, ಫೋನ್ ಜೋಡಿಸಿ ನೋಡಿದೆ. ನನ್ನ ಫೋನಿನ ಮುಖ ಗೋಡೆಯ ತುಂಬ ಬಂತು. ನನಗೆ ನಂಬಲಿಕ್ಕಾಗಲಿಲ್ಲ. ಚೀಲ ಹಿಡಿದು ನಿಲ್ಲುತ್ತಿದ್ದವಳು ಯಾರ ಸಹಾಯವೂ ಇಲ್ಲದೆ ಇದನ್ನು ಮಾಡಿದ್ದೆ. ಒಬ್ಬಳೇ ನಿಂತು ನಕ್ಕೆ.

ಪರೀಕ್ಷಕರು ಬಂದರು. ವಯಸ್ಸಾದವರು, ಕನ್ನಡಕ ಹಣೆಯ ಮೇಲೆ, ಮಾತು ಮೆತ್ತಗೆ. ಮಾರ್ಗದರ್ಶಕಿಯೂ ಅವರೂ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಆ ಹುಡುಗಿ ಅವರ ಮುಂದಿನ ಬೆಂಚಿನಲ್ಲೇ ಇದ್ದಳು, ಕೈ ಕಟ್ಟಿಕೊಂಡು. ನಾನು ಪಾಠದ ಹೆಸರು ಗೋಡೆಗೆ ಬರುವಂತೆ ಮಾಡಿದೆ. ಮಕ್ಕಳು ಮಾಡು ಹಾರಿಹೋಗುವಂತೆ ಓದಿದವು. ಪರೀಕ್ಷಕರು ತಲೆದೂಗಿದರು. ಮಾರ್ಗದರ್ಶಕಿ ನನ್ನ ಕಡೆ ನೋಡಿ ಮುಗುಳ್ನಕ್ಕರು, ಅಷ್ಟು ದಿನಗಳಲ್ಲಿ ಅದೇ ಮೊದಲು.

ಮುಂದೆ ಭಾಗಾಕಾರದ ಒಂದು ವಿಡಿಯೋ ತೋರಿಸಬೇಕಿತ್ತು, ಆ ಮೀಸೆ ಮಾಸ್ತರದ್ದೇ. ಬೆಳಿಗ್ಗೆ ಬಂದಿತ್ತು, ಈಗ ಬರಲೊಲ್ಲದು. ನಡುವೆ ಒಂದು ಉಂಗುರ ಸುತ್ತುತ್ತಲೇ ಇತ್ತು. ಮಕ್ಕಳು ಆ ಉಂಗುರವನ್ನೇ ನೋಡಿದವು, ಓದಲಿಕ್ಕೆ ಅದರಲ್ಲಿ ಏನೂ ಇರಲಿಲ್ಲ. "ಬೇರೆ ಯಾವುದಾದರೂ ತೋರಿಸಿ, ಅವಸರ ಇಲ್ಲ" ಎಂದರು ಪರೀಕ್ಷಕರು. ನನಗೆ ಅವಸರವಿತ್ತು. ಹುಡುಕುವ ಜಾಗಕ್ಕೆ ಬೆರಳಿಟ್ಟೆ.

ಆ ಪಟ್ಟಿ ಗೋಡೆಯ ತುಂಬ ಬಿಚ್ಚಿಕೊಂಡಿತು.

ಒಂದೊಂದು ಅಕ್ಷರವೂ ಮೊಳದುದ್ದ. ಇಡೀ ಕ್ಲಾಸು, ನಾನು ಕಲಿಸಿದ ಹಾಗೆ, ಬಂದ ಕೂಡಲೇ, ಒಂದೇ ಸ್ವರದಲ್ಲಿ ಓದಿತು:

"ಪಾಠ ಮಾಡುವಾಗ ಕೈ ನಡುಗದಿರಲು ಏನು ಮಾಡಬೇಕು!"

ಫೋನಿನಲ್ಲಿ ಹಿಂದಕ್ಕೆ ಒತ್ತಿದೆ. ಫೋನು ಹಿಂದಕ್ಕೆ ಹೋಯಿತು, ಗೋಡೆ ಹೋಗಲಿಲ್ಲ. ಅಲ್ಲಿ ಚಿತ್ರ ಸಿಕ್ಕಿಹಾಕಿಕೊಂಡಿತ್ತು.

"ಪ್ರೊಜೆಕ್ಟರಿಗೆ ಫೋನ್ ಜೋಡಿಸುವುದು ಹೇಗೆ! ಎಂಟನೇ ತರಗತಿ ಗಣಿತ ಎಲ್ಲಾ ಲೆಕ್ಕದ ಉತ್ತರ!"

"ಸಾಕು, ಸಾಕು" ಎಂದೆ. ಆ ಗದ್ದಲದಲ್ಲಿ ನನ್ನ ಸ್ವರ ನನಗೇ ಕೇಳಲಿಲ್ಲ. ರಿಮೋಟ್ ಒತ್ತಿದೆ, ಕುಂಕುಮ ತುಂಬಿದ ಗುಂಡಿ ಒಳಗೆ ಹೋಗಲಿಲ್ಲ. ಬೇರೆ ದಾರಿ ಕಾಣದೆ ಓಡಿಹೋಗಿ ಗೋಡೆಗೆ ಬೆನ್ನು ಕೊಟ್ಟು ಅಡ್ಡ ನಿಂತೆ. ಕೈ ಅಗಲಿಸಿ ಸೆರಗು ಹರಡಿಕೊಂಡೆ. ಬೆಳಕು ಕಣ್ಣಿಗೆ ಹೊಡೆಯಿತು. ಏನೂ ಕಾಣದಂತಾದಾಗ, ಮುಚ್ಚಿದೆ ಎಂದುಕೊಂಡೆ. ತಲೆ ಬಗ್ಗಿಸಿ ನೋಡಿದರೆ ಅಕ್ಷರಗಳೆಲ್ಲ ನನ್ನ ಸೀರೆಯ ಮೇಲೆ. ಆ ಕೆನೆಬಣ್ಣದ ಸೀರೆ ಗೋಡೆಗಿಂತ ಚೆನ್ನಾಗಿತ್ತು. ಎದೆಯ ಮೇಲೊಂದು ಸಾಲು, ನೆರಿಗೆಯ ಮೇಲೊಂದು ಸಾಲು. ಮಕ್ಕಳು ನನ್ನ ಮೈಮೇಲಿನಿಂದಲೇ ಓದಿದವು:

"ಭಾಗಿಸುವಾಗ ಭಿನ್ನರಾಶಿ ಮಗುಚುವುದು ಎಂತಕ್ಕೆ!"

ಓದಿದ ಮೇಲೆ ಸ್ವರ ಮುರಿಯಿತು. ಕೆಲವರು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಹಿಂದೆ ತಿರುಗಿ ಆ ಹುಡುಗಿಯ ಮುಖ ನೋಡತೊಡಗಿದರು. ಯಾರ ಪ್ರಶ್ನೆ ಅದು ಎಂದು ಇಡೀ ಕ್ಲಾಸಿಗೆ ಗೊತ್ತಿತ್ತು. ಅದನ್ನು ಕೇಳಿದ್ದಕ್ಕೆ ಅವಳಿಗೆ ಏನಾಯಿತು ಎನ್ನುವುದೂ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ, ಅಕ್ಕೋರಿಗೂ ಗೊತ್ತಿರಲಿಲ್ಲ ಎನ್ನುವುದು. ಅದೀಗ ನನ್ನ ಹೊಟ್ಟೆಯ ಮೇಲೆ ಬರೆದಿತ್ತು.

ನಾಚಿಕೆ ಅಂದರೆ ಏನೆಂದು ನನಗೆ ಅವತ್ತು ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ನಾನು ನಿಜವಾಗಿಯೂ ಕಾಲ ಕೆಳಗೆ ನೋಡಿದೆ. ಅಲ್ಲಿ ಬರಿಗಾಲ ಬೆರಳುಗಳು ಕಂಡವು. ಮುಗಿಯಿತು, ಫೇಲು. ಬಂಗಡೆ ಬುಟ್ಟಿಗಳ ಆ ಸಾಲು ಕಣ್ಣ ಮುಂದೆ ಬಂತು. ಅಮ್ಮ ಅದರ ನಡುವೆ ತಲೆ ತಗ್ಗಿಸಿ ಮೀನು ಕೊಚ್ಚುತ್ತಿದ್ದಾಳೆ ಎನಿಸಿತು.

"ವಾಹ್!" ಎಂದರು ಪರೀಕ್ಷಕರು.

ಅವರು ಎದ್ದು ನಿಂತಿದ್ದರು. ಕನ್ನಡಕ ಹಣೆಯಿಂದ ಮೂಗಿಗೆ ಇಳಿದಿತ್ತು. "ಮೇಡಂ, ಇದನ್ನು ನೋಡಿ" ಎಂದು ಮಾರ್ಗದರ್ಶಕಿಗೆ ಹೇಳಿದರು. "ಎಷ್ಟೋ ವರ್ಷದಿಂದ ಪಾಠ ನೋಡುತ್ತಿದ್ದೇನೆ. ಎಲ್ಲರೂ ಹೂವು, ಹಕ್ಕಿ, ತಿರುಗುವ ಅಕ್ಷರ ತೋರಿಸುತ್ತಾರೆ. ಶಿಕ್ಷಕಿಗೂ ಗೊತ್ತಿಲ್ಲದ್ದು ಇರುತ್ತದೆ, ಅವಳೂ ಹುಡುಕಿ ಕಲಿಯುತ್ತಾಳೆ ಎಂದು ಮಕ್ಕಳಿಗೆ ತೋರಿಸಿದವರು ಯಾರೂ ಇಲ್ಲ. ತನ್ನ ಪ್ರಶ್ನೆಗಳನ್ನು ಮಕ್ಕಳಿಂದಲೇ ಓದಿಸುವುದಕ್ಕೆ ಧೈರ್ಯ ಬೇಕು."

ಮಾರ್ಗದರ್ಶಕಿ ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಗಿತ್ತು, ಖಂಡಿತ ಗೊತ್ತಾಗಿತ್ತು. "ಹೌದು ಸರ್, ನಾವು ಹಾಗೆ ತಯಾರು ಮಾಡಿದ್ದೇವೆ" ಎಂದರು.

ಆಗ ನಾನು ಬಾಯಿ ತೆರೆಯಬೇಕಿತ್ತು. ಹಾಗಲ್ಲ ಸರ್, ಇದು ತಪ್ಪಿ ಬಂದದ್ದು ಎನ್ನಲು ಒಂದು ಉಸಿರು ಸಾಕಿತ್ತು. ನಾನು ಗೋಡೆಗೆ ಅಂಟಿಕೊಂಡು, ಮೈಮೇಲೆ ಅಕ್ಷರ ಹೊತ್ತುಕೊಂಡು ಸುಮ್ಮನೆ ನಿಂತೆ. ಬದುಕಿದೆ ಎನ್ನುವ ಒಂದೇ ಯೋಚನೆ ನನ್ನ ತಲೆಯಲ್ಲಿದ್ದದ್ದು.

ಪರೀಕ್ಷಕರು ಮಕ್ಕಳ ಕಡೆ ತಿರುಗಿದರು. "ಈ ಕೊನೆಯ ಪ್ರಶ್ನೆ ಯಾರದ್ದು?"

ಎಲ್ಲರ ಕಣ್ಣೂ ಅವಳ ಮೇಲೆಯೇ ಇದ್ದವು. ಅವಳು ಮೆಲ್ಲಗೆ ಎದ್ದು ನಿಂತಳು. ಇನ್ನೂ ಕೈ ಕಟ್ಟಿಕೊಂಡೇ ಇದ್ದಳು.

"ನಂದು ಸರ್."

"ಬಹಳ ಒಳ್ಳೆಯ ಪ್ರಶ್ನೆ. ನೀನು ಕೇಳಿದೆ, ಅಕ್ಕೋರು ಹುಡುಕಿದರು, ಅಲ್ಲವೇ?"

"ಹೌದು ಸರ್."

"ಉತ್ತರ ಸಿಕ್ಕಿತಾ?"

ಅವಳು ಸ್ವಲ್ಪ ಯೋಚಿಸಿದಳು. "ಇನ್ನೂ ಸಿಗ್ಲಿಲ್ಲ ಸರ್. ಹುಡ್ಕ್ತಾ ಇದ್ದಾರೆ."

ಪರೀಕ್ಷಕರು ಗಟ್ಟಿಯಾಗಿ ನಕ್ಕರು. ಅವರಿಗೆ ಆ ಹುಡುಗಿ ಬಹಳ ಹಿಡಿಸಿಬಿಟ್ಟಿದ್ದಳು. "ಹೀಗೆ ಕಷ್ಟದ ಪ್ರಶ್ನೆ ಕೇಳಿದರೆ ಅಕ್ಕೋರು ಬೈಯುವುದಿಲ್ಲವಾ?" ಎಂದರು, ತಮಾಷೆಗೆ.

ಕ್ಲಾಸು ಉಸಿರು ಬಿಗಿಹಿಡಿಯಿತು. ನಾನೂ.

"ಇಲ್ಲ ಸರ್" ಎಂದಳು ಅವಳು. "ಎಂತ ಕೇಳಿದ್ರೂ ಬೈಯೂದಿಲ್ಲ. ದಿನಾ ಕೇಳ್ತೇವೆ."

ಪರೀಕ್ಷಕರು ಅದನ್ನು ಬರೆದುಕೊಂಡರು. ಅಷ್ಟು ಹೊತ್ತಿಗೆ ಗೋಡೆಯ ಚಿತ್ರ ತಾನಾಗಿಯೇ ಹೋಯಿತು, ನೀಲಿ ಬೆಳಕು ಮಾತ್ರ ಉಳಿಯಿತು. ಉಳಿದ ಪಾಠವನ್ನು ಹೇಗೆ ಮಾಡಿದೆನೋ ನೆನಪಿಲ್ಲ. ಬೆಲ್ಲಾದ ಮೇಲೆ ಪರೀಕ್ಷಕರು ನನ್ನ ಹತ್ತಿರ ಬಂದು, "ಇಂಥ ಶಿಕ್ಷಕಿ ಸಿಗುವುದು ಮಕ್ಕಳ ಪುಣ್ಯ" ಎಂದರು. ನಾನು ಕೈ ಮುಗಿದೆ. ಪಾಸಾಗಿದ್ದೆ, ಅದೂ ನಮ್ಮ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕದಲ್ಲಿ ಎಂದು ಆಮೇಲೆ ತಿಳಿಯಿತು. ಅದು ತಿಳಿದ ದಿನ ಅಮ್ಮ ಪೇಟೆಯಲ್ಲಿ ಎಲ್ಲರಿಗೂ ಪೇಡೆ ಹಂಚಿದಳು.

ಆದರೆ ಆ ಮಧ್ಯಾಹ್ನ ನನಗೆ ಅಂಕದ ಯೋಚನೆ ಇರಲಿಲ್ಲ. ಎದೆ ತುಂಬಿ ಬಂದಿತ್ತು. ನಾನು ಬೈದು, ನಿಲ್ಲಿಸಿ, ಹಿಂದಿನ ಬೆಂಚಿಗೆ ತಳ್ಳಿದ ಹುಡುಗಿ ನನ್ನ ಮಾನ ಉಳಿಸಿದ್ದಳು. ಇಷ್ಟು ಚಿಕ್ಕವಳಿಗೆ ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ. ಅವಳ ಕೈ ಹಿಡಿದು ತಪ್ಪಾಯಿತು ಎನ್ನಬೇಕು, ಆ ಲೆಕ್ಕವನ್ನು ಇಬ್ಬರೂ ಸೇರಿ ಹುಡುಕೋಣ ಎನ್ನಬೇಕು ಎಂದೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ. ನಾಚಿಕೆಯ ಜೊತೆಗೆ, ಅವಳಿಗೆ ನಾನು ಇಷ್ಟ ಇರಬೇಕು ಎಂಬ ಒಂದು ಸಣ್ಣ ಸಂತೋಷವೂ ಇತ್ತು.

ಬಿಸಿಯೂಟ ಮುಗಿದಿತ್ತು. ಅವಳು ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಳು. ನನ್ನನ್ನು ಕಂಡವಳೇ ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ನೆಟ್ಟಗೆ ನಿಂತಳು.

"ನಾ ಬೈಯೂದಿಲ್ಲ ಅಂತ ಎಂತಕ್ಕೆ ಹೇಳ್ದೆ?" ಎಂದೆ, ಆದಷ್ಟು ಮೆತ್ತಗೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ತಟ್ಟೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು.

"ಬೈತಾರೆ ಅಂತ ಹೇಳಿದ್ರೆ ಆಮೇಲೆ ನೀವು ನಂಗೆ ಬೈತಿದ್ರಿ ಅಲ್ದಾ ಅಕ್ಕೋರೆ?"

ಹೋಗಲೋ ಬೇಡವೋ ಎಂದು ನನ್ನ ಮುಖವನ್ನೇ ನೋಡುತ್ತಾ ಅವಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.